ಕಡಲತೀರದ ಊರಿನವರನ್ನು ಕೇಳಿದ್ದು ಯಾವಾಗ?

ಅಭಿವೃದ್ಧಿಶೀಲ ದೇಶಗಳ ಕಡಲತೀರಗಳಲ್ಲಿ ಪ್ರವಾಸೋದ್ಯಮದ ನಕ್ಷೆ ಮೊದಲು ಬಂತು. ಊರಿನವರನ್ನು ಕೇಳಿದ್ದು ಆಮೇಲೆ. 1970ರ ದಶಕದಲ್ಲಿ ಮೆಕ್ಸಿಕೋ ಸರ್ಕಾರ ಕ್ಯಾನ್‌ಕೂನ್‌ನಲ್ಲಿ ಪ್ರವಾಸಿಗರಿಗೆಂದೇ ಹೊಸ ನಗರ ಕಟ್ಟಿತು. ಬಾಲಿಗೆ 1971ರಲ್ಲಿ ಯೋಜನೆ ಬರೆದವರು ಫ್ರೆಂಚ್ ಸಲಹೆಗಾರರು. ಪ್ರವಾಸಿಗರನ್ನು ನುಸಾ ದುವಾ ಎಂಬ ಒಂದೇ ಕಡೆ ಇಟ್ಟರೆ ದ್ವೀಪದ ಸಂಸ್ಕೃತಿ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಮಾಲ್ಡೀವ್ಸ್ ಕೂಡ 1972ರಿಂದ ಜನವಸತಿ ಇಲ್ಲದ ದ್ವೀಪಗಳಲ್ಲೇ ರೆಸಾರ್ಟ್ ಬೆಳೆಸಿತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹೀಗೆ ಬೇಲಿ ಹಾಕಿದಲ್ಲಿ ದುಡ್ಡೂ ಜಾಸ್ತಿ ಬೇಲಿಯೊಳಗೇ ಉಳಿಯುತ್ತದೆ.

ಊರಿನವರ ಮನಸ್ಸಿನ ಬಗ್ಗೆ ಮೊದಲ ಹೆಸರಾಂತ ವಿವರಣೆ ಕೊಟ್ಟವರು ಸಂಶೋಧಕ ಜಾರ್ಜ್ ಡಾಕ್ಸಿ, 1975ರಲ್ಲಿ. ಅವರು ನೋಡಿದ ಜಾಗಗಳಲ್ಲಿ ಬಾರ್ಬಡೋಸ್ ಕೂಡ ಒಂದು. ಮೊದಲು ಸಂಭ್ರಮ, ಆಮೇಲೆ ಉದಾಸೀನ, ನಂತರ ಕಿರಿಕಿರಿ, ಕೊನೆಗೆ ಹಗೆತನ ಎಂದರು. ಆದರೆ ಊರೆಂದರೆ ಒಂದೇ ಮನಸ್ಸಲ್ಲ, ಅಲ್ವಾ? ಕೋಣೆ ಬಾಡಿಗೆಗೆ ಕೊಡುವವರಿಗೆ ಹೋಟೆಲ್ ಬಂದರೆ ಖುಷಿ. ದೋಣಿ ಎಳೆದಿಡಲು ಜಾಗ ಕಳೆದುಕೊಂಡವರಿಗೆ ಸಂಕಟ. ಪ್ರವಾಸಿಗರಿಂದ ಸಂಪಾದಿಸುವವರು ಸಾಮಾನ್ಯವಾಗಿ ಹೆಚ್ಚು ಬೆಂಬಲಿಸುತ್ತಾರೆ ಎಂದು ನಂತರದ ಎಷ್ಟೋ ಅಧ್ಯಯನಗಳು ಹೇಳಿದವು. ನನಗೆ ಇದು ಅರ್ಧ ಉತ್ತರ. ಬೇರೆ ಕೆಲಸವೇ ಇಲ್ಲದವರು ಹೇಳುವ ‘ಹೂಂ’ ಅನ್ನು ಒಪ್ಪಿಗೆ ಎನ್ನಲಾಗದು.

ಪರಿಸರ ಮತ್ತು ಅಭಿವೃದ್ಧಿ ಕುರಿತ 1992ರ ವಿಶ್ವಸಂಸ್ಥೆಯ ರಿಯೋ ಶೃಂಗಸಭೆಯ ನಂತರ ಸ್ಥಳೀಯರ ಪಾಲ್ಗೊಳ್ಳುವಿಕೆ ಎಂಬ ಮಾತು ಕಾಗದಗಳಲ್ಲಿ ಹೆಚ್ಚಿತು. ತೀರದಲ್ಲಿ ಅಷ್ಟು ಬದಲಾಗಲಿಲ್ಲ. 2004ರ ಸುನಾಮಿ ಬಳಿಕ ಶ್ರೀಲಂಕಾದ ದಕ್ಷಿಣ, ಪಶ್ಚಿಮ ತೀರಗಳಲ್ಲಿ ಕಡಲಿನಿಂದ 100 ಮೀಟರ್ ಒಳಗೆ ಮನೆ ಕಟ್ಟಬಾರದೆಂದರು. ಹೋಟೆಲ್‌ಗಳಿಗೆ ವಿನಾಯಿತಿ ಸಿಕ್ಕಿತು. ಮೀನುಗಾರರು ಸಿಟ್ಟಾದರು, ಮುಂದೆ ನಿಯಮ ಸಡಿಲವಾಯಿತು. ಅವರ ಸಿಟ್ಟು ನ್ಯಾಯವಾದದ್ದು. ಕಡಲಿನ ಅಪಾಯ ಇಬ್ಬರಿಗೂ ಒಂದೇ ಅಲ್ಲವೇ?

ಕೊಳಚೆ ನೀರು ಕಡಲಿಗೆ ಸೇರುತ್ತಿದೆಯೆಂದು ಫಿಲಿಪೀನ್ಸ್ 2018ರಲ್ಲಿ ಬೊರಾಕೇ ದ್ವೀಪವನ್ನು ಆರು ತಿಂಗಳು ಮುಚ್ಚಿತು. ನೀರು ಶುದ್ಧವಾಗಬೇಕೆಂದು ಅಲ್ಲಿನವರಿಗೂ ಇತ್ತು. ಆದರೆ ದಿನದ ಕೂಲಿ ನಂಬಿದವರು ಕೆಲಸ ಕಳೆದುಕೊಂಡರು. ಪರಿಸರ ಉಳಿಸುವ ಖರ್ಚನ್ನು ಹೀಗೆ ಬಡವರ ತಲೆಗೆ ಕಟ್ಟಿದರೆ, ಅವರು ‘ಸುಸ್ಥಿರ’ ಎಂಬ ಪದಕ್ಕೇ ಹೆದರುತ್ತಾರೆ.

ಮಾಲ್ಡೀವ್ಸ್ 2009ರ ಹೊತ್ತಿಗೆ ದಾರಿ ಬದಲಿಸಿತು. ಜನ ವಾಸಿಸುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಬಿಟ್ಟಿತು. ಈಗ ಎಷ್ಟೋ ಮನೆಗಳಿಗೆ ನೇರವಾಗಿ ಆದಾಯ ಬರುತ್ತಿದೆ. ಜೊತೆಗೆ ಕಸ, ಕುಡಿಯುವ ನೀರು, ಪ್ರವಾಸಿಗರ ಉಡುಪಿನ ತಕರಾರುಗಳೂ ಊರೊಳಗೆ ಬಂದಿವೆ. ಅನೇಕ ದ್ವೀಪಗಳಲ್ಲಿ ಪ್ರವಾಸಿಗರ ಈಜಿಗೆ ಬೇರೆ ತೀರ ಗುರುತಿಸಿದ್ದಾರೆ, ಉಳಿದ ತೀರ ಊರಿನವರದ್ದು.