ಮಧುಗಿರಿಯ ಬಂಡೆಯಲ್ಲಿ ಇಂಗಾಲ ಹುಡುಕಿದರೆ

ಮಧುಗಿರಿ, ಪಾವಗಡದ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಇದು ಗೊತ್ತಿರುತ್ತದೆ. ಮಣ್ಣು, ಮೆದು ಕಲ್ಲು ಇರುವಷ್ಟು ಆಳಕ್ಕೆ ಕೇಸಿಂಗ್ ಪೈಪ್, ಅದರ ಕೆಳಗೆ ಬರೀ ಬಂಡೆ. ರಿಗ್ ಲಾರಿ ಉಗುಳುವ ಕಲ್ಲಿನ ಪುಡಿ ಯಾವಾಗ ಒದ್ದೆಯಾಗುತ್ತದೋ ಅಂತ ಎಲ್ಲರೂ ಅದನ್ನೇ ನೋಡುತ್ತಾ ನಿಂತಿರುತ್ತಾರೆ.

ತೈಲ ಹುಡುಕುವವರು ಪುಡಿಯನ್ನಷ್ಟೇ ನಂಬುವುದಿಲ್ಲ. ಕೊರೆದ ಬಾವಿಯೊಳಗೆ ಕೇಬಲ್‌ನಲ್ಲಿ ಉದ್ದನೆಯ ಉಪಕರಣ ಇಳಿಸುತ್ತಾರೆ. ಅದನ್ನು ನಿಧಾನವಾಗಿ ಮೇಲೆಳೆಯುತ್ತಾ, ಹೆಚ್ಚಾಗಿ ಅರ್ಧ ಅಡಿಗೊಮ್ಮೆ, ಬಂಡೆಯ ಗುಣ ಅಳೆಯುತ್ತಾರೆ. ಇದೇ ವೆಲ್ ಲಾಗಿಂಗ್. ಆಳಕ್ಕೆ ತಕ್ಕಂತೆ ಆ ಅಳತೆಗಳನ್ನು ಗೆರೆಯಾಗಿ ಎಳೆದ ದಾಖಲೆಯೇ ಲಾಗ್. ಶ್ಲಂಬರ್ಜೆ ಸಹೋದರರ ತಂಡ 1927ರಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ ಮೊದಲ ವಿದ್ಯುತ್ ಲಾಗ್ ತೆಗೆಯಿತು.

ಅವರು ಹುಡುಕುವ ವಸ್ತುಗಳಲ್ಲಿ ಸಾವಯವ ಇಂಗಾಲವೂ ಒಂದು. ಹಳೇ ಸಮುದ್ರ, ಸರೋವರಗಳ ತಳದ ಕೆಸರಲ್ಲಿ ಹೂತುಹೋದ ಪಾಚಿ, ಗಿಡಗಳು ಕೆರೋಜೆನ್ ಆಗುತ್ತವೆ. ಕೆಸರು ಶೇಲ್ ಕಲ್ಲಾಗುತ್ತದೆ. ಆಳದ ಬಿಸಿಗೆ ಕೆರೋಜೆನ್ ಬೆಂದು ತೈಲ, ಅನಿಲ ಕೊಡುತ್ತದೆ. ಗುಜರಾತಿನ ಕ್ಯಾಂಬೆ ಶೇಲ್ ಅಂಥ ಕಲ್ಲು.

ಕೆರೋಜೆನ್ ಇದ್ದರೆ ಬಂಡೆ ನಾಲ್ಕು ಸುಳಿವು ಕೊಡುತ್ತದೆ. ಆಮ್ಲಜನಕವಿಲ್ಲದ ಕೆಸರಲ್ಲಿ ಯುರೇನಿಯಂ ಸೇರಿಕೊಂಡಿರುವುದರಿಂದ ಗಾಮಾ ಕಿರಣ ಜಾಸ್ತಿ. ಸಂದುಗಳಲ್ಲಿ ಉಪ್ಪುನೀರಿನ ಬದಲು ತೈಲ ಕೂತರೆ ವಿದ್ಯುತ್ ತಡೆ ಜಾಸ್ತಿ. ಕೆರೋಜೆನ್ ಹಗುರ, ಹಾಗಾಗಿ ಬಂಡೆಯ ಸಾಂದ್ರತೆ ಕಡಿಮೆ. ಶಬ್ದವೂ ಅದರಲ್ಲಿ ನಿಧಾನ.

ಈಗ ಇದೇ ಉಪಕರಣವನ್ನು ಮಧುಗಿರಿಯ ನೀರು ನಿಂತ ಬೋರ್‌ವೆಲ್‌ಗೆ ಇಳಿಸಿದೆವು ಅಂದುಕೊಳ್ಳಿ. ಅಲ್ಲಿನದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಕರಗಿದ ಶಿಲೆ ತಣ್ಣಗಾಗಿ ಆದದ್ದು, ಪಾಚಿಯ ಸುಳಿವೇ ಇಲ್ಲ. ಆದರೂ ಗಾಮಾ ಲಾಗ್ ಮೇಲೇರುತ್ತದೆ, ಯಾಕೆಂದರೆ ಗ್ರಾನೈಟ್‌ನಲ್ಲಿ ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂ ಇವೆ. ಬಿರುಕಿಲ್ಲದ ಕಡೆ ವಿದ್ಯುತ್ ತಡೆಯೂ ವಿಪರೀತ. ಇವೆರಡನ್ನೇ ನೋಡಿದವರು ‘ಇಂಗಾಲ ಸಿಕ್ಕಿತು’ ಅಂದುಬಿಡಬಹುದು, ಅಲ್ವಾ? ಶಬ್ದ, ಸಾಂದ್ರತೆ ಎರಡೂ ಅದನ್ನು ಒಪ್ಪುವುದಿಲ್ಲ. ಗಟ್ಟಿ ಗ್ರಾನೈಟ್‌ನಲ್ಲಿ ಶಬ್ದ ಸೆಕೆಂಡಿಗೆ 5–6 ಕಿ.ಮೀ. ಓಡುತ್ತದೆ. ಕೆರೋಜೆನ್ ತುಂಬಿದ ಕಲ್ಲಲ್ಲಿ ಅಷ್ಟು ವೇಗ ಬರುವುದಿಲ್ಲ.

1990ರಲ್ಲಿ ಪಾಸಿ ಮತ್ತು ಸಂಗಡಿಗರು ಪ್ರಕಟಿಸಿದ ‘ಡೆಲ್ಟಾ ಲಾಗ್ ಆರ್’ ವಿಧಾನ ನನಗೆ ತುಂಬಾ ಇಷ್ಟ. ಶಬ್ದದ ಗೆರೆ, ವಿದ್ಯುತ್ ತಡೆಯ ಗೆರೆ ಎರಡನ್ನೂ ತಕ್ಕ ಅಳತೆಯಲ್ಲಿ ಒಂದರ ಮೇಲೊಂದು ಇಡುತ್ತಾರೆ. ಇಂಗಾಲ ಕಡಿಮೆಯಿರುವ ಶೇಲ್‌ನಲ್ಲಿ ಎರಡೂ ಜೊತೆಯಾಗಿ ಸಾಗುತ್ತವೆ. ಕೆರೋಜೆನ್ ಬಂದ ಕೂಡಲೇ ಒಂದು ಅತ್ತ, ಒಂದು ಇತ್ತ ಸರಿಯುತ್ತವೆ. ನಡುವಿನ ಅಂತರದಿಂದ, ಕಲ್ಲು ಎಷ್ಟು ಬೆಂದಿದೆ ಅನ್ನುವುದನ್ನೂ ಸೇರಿಸಿ, ಇಂಗಾಲ ತೂಕದಲ್ಲಿ ಶೇಕಡಾ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಆದರೆ ತೈಲ ತುಂಬಿದ ಮರಳುಗಲ್ಲಲ್ಲೂ ಗೆರೆಗಳು ದೂರವಾಗುತ್ತವೆ, ಗ್ರಾನೈಟ್‌ನಲ್ಲಿ ಸುಮ್ನೆ ದೂರವಾಗುತ್ತವೆ. ಮೊದಲು ಅದು ಯಾವ ಕಲ್ಲು ಅಂತ ಗೊತ್ತಿರಬೇಕು.

ಇಂಗಾಲವನ್ನೇ ನೇರವಾಗಿ ಅಳೆಯುವ ಉಪಕರಣವೂ ಇದೆ. ಅದು ವೇಗದ ನ್ಯೂಟ್ರಾನ್‌ಗಳನ್ನು ಬಂಡೆಗೆ ಹೊಡೆಯುತ್ತದೆ. ಇಂಗಾಲದ ಪರಮಾಣುಗಳು ತಮ್ಮದೇ ಶಕ್ತಿಯ ಗಾಮಾ ಕಿರಣ ಬಿಡುತ್ತವೆ. ಇಲ್ಲಿ ತೊಡಕು ಸುಣ್ಣಕಲ್ಲಿನದು. ನಮ್ಮ ತುಮಕೂರು ಜಿಲ್ಲೆಯಲ್ಲೂ ಸಿಗುವ ಕಲ್ಲು ಅದು. ಶುದ್ಧವಾಗಿದ್ದರೆ 100 ಕೆ.ಜಿ.ಯಲ್ಲಿ 12 ಕೆ.ಜಿ. ಇಂಗಾಲವೇ ಇರುತ್ತದೆ, ಆದರೆ ಅದರಿಂದ ತೈಲ ಬರುವುದಿಲ್ಲ. ಅದೇ 100 ಕೆ.ಜಿ.ಯಲ್ಲಿ ಕ್ಯಾಲ್ಸಿಯಂ 40 ಕೆ.ಜಿ. ಉಪಕರಣ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಅಳೆಯುವುದರಿಂದ ಸುಣ್ಣದ ಪಾಲಿನ ಇಂಗಾಲವನ್ನು ಕಳೆಯಬಹುದು. ಉಳಿದದ್ದು ಸಾವಯವ ಇಂಗಾಲ.

ಅತಿಯಾಗಿ ಬೆಂದ ಕೆರೋಜೆನ್ ಗ್ರಾಫೈಟ್ ಕಡೆಗೆ ತಿರುಗಿ ವಿದ್ಯುತ್ ಹರಿಯಬಿಡುತ್ತದೆ. ಆಗ ಡೆಲ್ಟಾ ಲಾಗ್ ಆರ್ ಇಂಗಾಲವನ್ನು ಕಡಿಮೆ ತೋರಿಸುತ್ತದೆ. ಅದಕ್ಕೇ ಬಾವಿಯಿಂದ ಕೋರ್, ಅಂದರೆ ಪುಡಿಯಾಗದಂತೆ ಇಡಿಯಾಗಿ ಕೊರೆದು ತೆಗೆದ ಕಲ್ಲಿನ ಕಂಬ, ತೆಗೆದು ಅದರ ತುಂಡುಗಳನ್ನು ಲ್ಯಾಬ್‌ನಲ್ಲಿ ಸುಟ್ಟು ಇಂಗಾಲ ಅಳೆದು, ಲಾಗ್‌ನ ಲೆಕ್ಕವನ್ನು ಅದಕ್ಕೆ ತಾಳೆ ನೋಡುತ್ತಾರೆ. ಕೋರ್ ದುಬಾರಿ, ಬಾವಿಯ ಉದ್ದಕ್ಕೂ ತೆಗೆಯಲಾಗುವುದಿಲ್ಲ. ಆದರೆ ಒಂದಿಷ್ಟಾದರೂ ಕೋರ್ ಜೊತೆಗಿಲ್ಲದ ಲಾಗ್‌ನ ಅಂಕಿಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ.