ಮಕ್ಕಳು ಬಾಯಿಬಿಟ್ಟು ಹೇಳಿದಾಗ: ಅಮೆರಿಕದ ಶಾಲೆ, ಕಾಲೇಜುಗಳಲ್ಲಿ ಯೆಹೂದಿ ದ್ವೇಷ

ನ್ಯೂಯಾರ್ಕ್ ರಾಜ್ಯದ ಪೈನ್ ಬುಶ್ ಎಂಬ ಊರಿನ ಶಾಲೆಗಳಲ್ಲಿ ಯೆಹೂದಿ ಮಕ್ಕಳ ಮೇಲೆ ಜೊತೆಯವರು ಚಿಲ್ಲರೆ ಕಾಸು ಎಸೆಯುತ್ತಿದ್ದರು. ಕಂಡಕಂಡಲ್ಲಿ ನಾಜಿ ಸ್ವಸ್ತಿಕ ಗೀಚುತ್ತಿದ್ದರು. ಹಿಟ್ಲರ್ ನಡೆಸಿದ ನರಮೇಧವೇ ಅವರಿಗೆ ತಮಾಷೆಯಾಗಿತ್ತು. ತಂದೆ ತಾಯಿ ದೂರು ಕೊಟ್ಟರೂ ಕಿರುಕುಳ ನಿಲ್ಲಲಿಲ್ಲ. ಕೊನೆಗೆ 2012ರಲ್ಲಿ ಮೂರು ಕುಟುಂಬಗಳು ಕೋರ್ಟಿಗೆ ಹೋದವು. ಐವರು ಮಕ್ಕಳು ತಮಗಾದದ್ದನ್ನು ಒಂದೊಂದಾಗಿ ಹೇಳಿದರು. ಆ ಹೇಳಿಕೆಗಳಿಗೆ ಎಷ್ಟು ತೂಕವಿತ್ತೆಂದರೆ, 2014ರಲ್ಲಿ ಕೇಂದ್ರದ ನ್ಯಾಯ ಇಲಾಖೆಯೇ ಮಕ್ಕಳ ವಾದಕ್ಕೆ ಬೆಂಬಲವಾಗಿ ಕೋರ್ಟಿಗೆ ಬರೆದುಕೊಟ್ಟಿತು. ಮರುವರ್ಷ 44.8 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಇಷ್ಟಕ್ಕೂ ಇದು ಹೊಸ ಕಥೆಯಲ್ಲ. 1922ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಲಾರೆನ್ಸ್ ಲೋವೆಲ್, ಯೆಹೂದಿ ವಿದ್ಯಾರ್ಥಿಗಳನ್ನು ಶೇ 15ಕ್ಕೆ ಮಿತಿಗೊಳಿಸಬೇಕೆಂದಿದ್ದರು. ಆಗ ದ್ವೇಷ ಬಾಗಿಲಲ್ಲೇ ನಿಂತಿತ್ತು, ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕ್ಲಾಸಿನಲ್ಲಿ, ಹಾಸ್ಟೆಲಿನಲ್ಲಿ ನಡೆಯುವುದು ಹಾಗೆ ಕಾಣುವುದಿಲ್ಲ. ಅದನ್ನು ಅನುಭವಿಸಿದವರೇ ಹೇಳಬೇಕು.

ಹೇಳಿದರೂ ಕೇಳಿಸಿಕೊಳ್ಳಲು ಕಾನೂನಿನಲ್ಲಿ ಜಾಗ ಇರಲಿಲ್ಲ. 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಅಧ್ಯಾಯದ ಪ್ರಕಾರ, ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಜನಾಂಗ, ಬಣ್ಣ, ಮೂಲದೇಶದ ಆಧಾರದಲ್ಲಿ ತಾರತಮ್ಯ ಮಾಡುವಂತಿಲ್ಲ. ಆ ಪಟ್ಟಿಯಲ್ಲಿ ಧರ್ಮ ಇಲ್ಲ. ಹಾಗಾಗಿ ಯೆಹೂದಿ ವಿದ್ಯಾರ್ಥಿಯ ದೂರು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಅಧಿಕಾರಿಗಳು ಕೈತೊಳೆದುಕೊಳ್ಳಬಹುದಿತ್ತು. 2004ರಲ್ಲಿ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ಈ ನಿಲುವು ಬದಲಿಸಿತು: ಒಂದೇ ವಂಶಮೂಲದವರೆಂಬ ಕಾರಣಕ್ಕೆ ಯಾರನ್ನಾದರೂ ಪೀಡಿಸಿದರೆ ಕಾನೂನು ಅನ್ವಯಿಸುತ್ತದೆ. 2010ರಲ್ಲಿ ಇಲಾಖೆ ಇದನ್ನು ಎಲ್ಲ ಶಾಲೆ, ಕಾಲೇಜುಗಳಿಗೂ ಪತ್ರ ಬರೆದು ತಿಳಿಸಿತು. ಇದೇ ರಕ್ಷಣೆ ಅಲ್ಲಿನ ಹಿಂದೂ, ಸಿಖ್, ಮುಸ್ಲಿಂ ಮಕ್ಕಳಿಗೂ ಸಿಗುತ್ತದೆ. ಅಮೆರಿಕದಲ್ಲಿ ಓದುವ ಕನ್ನಡದ ಮಕ್ಕಳೂ ಇದರಲ್ಲಿ ಸೇರಿದರು ಅಲ್ವಾ?

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿ ಮತ್ತು ಗಾಜಾ ಯುದ್ಧದ ನಂತರ ದೂರುಗಳು ಹೆಚ್ಚಾದವು. ಕ್ಯಾಂಪಸ್ಸಿನ ಯೆಹೂದಿ ದ್ವೇಷದ ಬಗ್ಗೆ ಡಿಸೆಂಬರ್ 5ರಂದು ಮೂವರು ವಿಶ್ವವಿದ್ಯಾಲಯ ಅಧ್ಯಕ್ಷರನ್ನು ಅಮೆರಿಕದ ಸಂಸತ್ ಸಮಿತಿ ಪ್ರಶ್ನಿಸಿದ್ದು ಎಲ್ಲರಿಗೂ ನೆನಪಿದೆ. ಅವರಲ್ಲಿ ಇಬ್ಬರು ತಿಂಗಳೊಳಗೆ ರಾಜೀನಾಮೆ ಕೊಟ್ಟರು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 2024ರ ಫೆಬ್ರವರಿಯ ಸಭೆ. ಅಲ್ಲಿ ಅದೇ ಸಮಿತಿಯ ಸದಸ್ಯರ ಮುಂದೆ ಯೆಹೂದಿ ವಿದ್ಯಾರ್ಥಿಗಳೇ ಕುಳಿತು ಮಾತಾಡಿದರು.

ಇನ್ನೂ ಆಳಕ್ಕೆ ಹೋಗಿದ್ದು ಯೆಹೂದಿ ದ್ವೇಷದ ಬಗ್ಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ರಚಿಸಿದ ಕಾರ್ಯಪಡೆ. ಅದು ಸುಮಾರು 500 ವಿದ್ಯಾರ್ಥಿಗಳ ಮಾತು ಕೇಳಿ 2024ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಯೆಹೂದಿ ಗುರುತನ್ನು ಮುಚ್ಚಿಟ್ಟುಕೊಂಡು ಓಡಾಡಿದವರು, ಗೆಳೆಯರು ದೂರ ಮಾಡಿದವರು, ಹಾಸ್ಟೆಲ್ ರೂಮು ಬಿಟ್ಟವರು ಅದರಲ್ಲಿದ್ದಾರೆ. ದೂರು ಕೊಡಲು ಹೋದಾಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂಬ ನೋವೂ ಇದೆ. ಇಂಥದ್ದು ಯಾವ ಅಂಕಿ ಅಂಶದಲ್ಲೂ ಸಿಗುವುದಿಲ್ಲ.

ಆದರೆ ಯೆಹೂದಿ ವಿದ್ಯಾರ್ಥಿಗಳದ್ದೆಲ್ಲ ಒಂದೇ ಮಾತಲ್ಲ. ಗಾಜಾ ಪರ ಪ್ರತಿಭಟನೆಯಲ್ಲಿ ಟೆಂಟ್ ಹಾಕಿ ಕೂತವರಲ್ಲೂ ಯೆಹೂದಿಗಳಿದ್ದರು. 2024ರ ಏಪ್ರಿಲ್‌ನಲ್ಲಿ ಅವರು ಕೊಲಂಬಿಯಾದ ಹುಲ್ಲುಹಾಸಿನ ಮೇಲೆಯೇ ಪಾಸೋವರ್ ಹಬ್ಬದೂಟ ಮಾಡಿದರು. ಇಸ್ರೇಲ್ ಸರ್ಕಾರವನ್ನು ಟೀಕಿಸುವುದೆಲ್ಲ ಯೆಹೂದಿ ದ್ವೇಷವಲ್ಲ ಎನ್ನುವುದು ಅವರ ವಾದ. ಹಾರ್ವರ್ಡ್ 2025ರ ಏಪ್ರಿಲ್‌ನಲ್ಲಿ ಒಂದೇ ದಿನ ಎರಡು ವರದಿ ಹೊರತಂದಿತು. ಒಂದು ಯೆಹೂದಿ ಮತ್ತು ಇಸ್ರೇಲಿ ವಿದ್ಯಾರ್ಥಿಗಳದ್ದು, ಇನ್ನೊಂದು ಮುಸ್ಲಿಂ, ಅರಬ್, ಪ್ಯಾಲೆಸ್ಟೀನಿ ವಿದ್ಯಾರ್ಥಿಗಳದ್ದು. ಭಯ ಎರಡರಲ್ಲೂ ಇತ್ತು. ಎರಡನ್ನೂ ಓದದ ಅಧಿಕಾರಿಗೆ ಕ್ಯಾಂಪಸ್ ಅರ್ಥವಾಗುವುದಿಲ್ಲ ಅಂತ ನಾನು ನಂಬಿದ್ದೇನೆ.

ಅಷ್ಟರಲ್ಲಿ ಇದು ರಾಜಕೀಯದ ಆಯುಧವೂ ಆಗಿತ್ತು. 2025ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರ ಯೆಹೂದಿ ದ್ವೇಷದ ಹೆಸರು ಹೇಳಿ ಕೊಲಂಬಿಯಾದ 40 ಕೋಟಿ ಡಾಲರ್ ಅನುದಾನ ರದ್ದು ಮಾಡಿತು. ಹಾರ್ವರ್ಡ್‌ನ ಅನುದಾನಕ್ಕೂ ಕತ್ತರಿ ಬಿತ್ತು. ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶೆ ಆಲಿಸನ್ ಬರೋಸ್ ಅದನ್ನು ತಳ್ಳಿಹಾಕಿದರು. ಹಾರ್ವರ್ಡ್‌ನಲ್ಲಿ ಯೆಹೂದಿ ದ್ವೇಷ ಇದ್ದದ್ದು ನಿಜ, ಆದರೆ ಸರ್ಕಾರ ಅದನ್ನು ನೆಪ ಮಾಡಿಕೊಂಡಿದೆ ಎಂದು ತೀರ್ಪು ಕೊಟ್ಟರು. ಇದೇ ಸರ್ಕಾರ ಆ ಮಾರ್ಚ್‌ನಲ್ಲೇ ನಾಗರಿಕ ಹಕ್ಕುಗಳ ಕಚೇರಿಯ 12 ಪ್ರಾದೇಶಿಕ ಶಾಖೆಗಳಲ್ಲಿ 7ನ್ನು ಮುಚ್ಚಲು ಹೊರಟಿತು. ವಿದ್ಯಾರ್ಥಿಗಳ ದೂರು ಹಿಡಿದು ತನಿಖೆ ಮಾಡಬೇಕಾದವರು ಅವರೇ. ಆ ಏಳರಲ್ಲಿ ಬಾಸ್ಟನ್, ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ಸೇರಿದ್ದವು.