ಡಿಸ್ಕ್ ಕೊಳ್ಳುವ ಮೊದಲು ಫೋಲ್ಡರ್ ತೆರೆದು ನೋಡಿ

ಮುಂಬೈಯ ಅಂಧೇರಿಯಲ್ಲಿ ಗೋದಾಮು ಮತ್ತು ಸರಕು ಸಾಗಣೆಯ ವ್ಯವಹಾರ ನಡೆಸುವ ಉಡುಪಿ ಕಡೆಯ ಉದ್ಯಮಿಯೊಬ್ಬರು ಕಳೆದ ಮಳೆಗಾಲದಲ್ಲಿ ಕರೆ ಮಾಡಿ, "ಸರ್ವರ್ ಮತ್ತೆ ಫುಲ್ ಆಗಿದೆ ಮಾರಾಯ್ರೆ, ಇನ್ನೆರಡು ಹಾರ್ಡ್‌ಡಿಸ್ಕ್ ಹಾಕಿಬಿಡಿ" ಎಂದರು. ಡಿಸ್ಕ್ ತರಿಸುವ ಮೊದಲು ಫೋಲ್ಡರ್‌ವಾರು ಲೆಕ್ಕ ತೆಗೆದಾಗ, ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಕಡತಗಳು, ಬಿಲ್ಲು, ಪತ್ರವ್ಯವಹಾರವೆಲ್ಲ ಸೇರಿ 400 ಗಿಗಾಬೈಟ್ ಇತ್ತು. ಉಳಿದ ಜಾಗವನ್ನೆಲ್ಲ ತುಂಬಿದ್ದುದು ಗೋದಾಮಿನ ಸಿಸಿಟಿವಿ ದೃಶ್ಯಗಳು.

ಸೆಕೆಂಡಿಗೆ 4 ಮೆಗಾಬಿಟ್‌ನಂತೆ (8 ಬಿಟ್ ಸೇರಿದರೆ 1 ಬೈಟ್) ದಿನವಿಡೀ ಚಿತ್ರಿಸುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 43 ಗಿಗಾಬೈಟ್ ಬೇಕು. ಅಂಥ 16 ಕ್ಯಾಮೆರಾಗಳ 30 ದಿನಗಳ ದೃಶ್ಯಕ್ಕೆ 20 ಟೆರಾಬೈಟ್ ಸಾಲದು. ಆ ದೃಶ್ಯಗಳನ್ನು ಪ್ರತ್ಯೇಕ ರೆಕಾರ್ಡರ್‌ಗೆ ಸಾಗಿಸಿ, ಗೊತ್ತುಪಡಿಸಿದ ದಿನಗಳು ಕಳೆದೊಡನೆ ತಾವಾಗಿಯೇ ಅಳಿಯುವಂತೆ ಮಾಡಿದೆವು. ಲೆಕ್ಕಪತ್ರದ ಮಾತು ಬೇರೆ: 2013ರ ಕಂಪನಿ ಕಾಯ್ದೆಯ ಪ್ರಕಾರ ಕಂಪನಿಗಳು 8 ವರ್ಷಗಳ ಪುಸ್ತಕಗಳನ್ನು ಉಳಿಸಿಕೊಳ್ಳಲೇಬೇಕು. ಆದ್ದರಿಂದ ಯಾವುದನ್ನು ಅಳಿಸಬಹುದೆಂಬ ತೀರ್ಮಾನ ಮಾಲೀಕರದ್ದೂ ಲೆಕ್ಕಪರಿಶೋಧಕರದ್ದೂ ಆಗಿರಬೇಕೇ ಹೊರತು ನನ್ನಂಥ ತಂತ್ರಜ್ಞನದ್ದಲ್ಲ.

ದೊಡ್ಡ ಡಿಸ್ಕ್ ಹಾಕಿದರೆ ಚಿಂತೆ ತೀರಿತು ಎಂಬ ನಂಬಿಕೆಯೂ ಸರಿಯಲ್ಲ. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ರೇಡ್ 5 ವ್ಯವಸ್ಥೆಯಲ್ಲಿ 12 ಟೆರಾಬೈಟ್‌ನ ಒಂದು ಡಿಸ್ಕ್ ಕೆಟ್ಟು ಅದರ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತೆನ್ನಿ. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಬರೆದರೂ ಬದಲಿ ಡಿಸ್ಕ್ ತುಂಬಲು 22 ಗಂಟೆ ಹಿಡಿಯುತ್ತದೆ. ಕಚೇರಿಯ ಕೆಲಸವೂ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಅಷ್ಟರೊಳಗೆ ಎರಡನೆಯದೂ ಕೈಕೊಟ್ಟರೆ ಎಲ್ಲವೂ ಹೋದಂತೆ. ಇಷ್ಟು ದೊಡ್ಡ ಡಿಸ್ಕ್‌ಗಳಿಗೆ ಎರಡು ಡಿಸ್ಕ್‌ಗಳ ನಷ್ಟವನ್ನು ತಾಳುವ ರೇಡ್ 6 ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಆದರೆ ಯಾವ ರೇಡ್ ಕೂಡ ಬ್ಯಾಕಪ್, ಅಂದರೆ ಬೇರೆಯಾಗಿ ತೆಗೆದಿಟ್ಟ ಪ್ರತಿ, ಅಲ್ಲ. ತಪ್ಪಿ ಅಳಿಸಿದ ಕಡತ ಅಲ್ಲಿಯೂ ಅಳಿದೇ ಹೋಗುತ್ತದೆ.

ಬ್ಯಾಕಪ್ ಪ್ರತಿ ಅದೇ ಕಟ್ಟಡದಲ್ಲಿದ್ದರೂ ಸಾಲದು. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವರಿಗೆ ನೆಲಮಹಡಿಯ ಸರ್ವರ್ ಕೋಣೆಯ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಎಲ್ಲವನ್ನೂ ಕ್ಲೌಡ್‌ಗೆ ಏರಿಸಿದರೆ, ಆಪತ್ತಿನಲ್ಲಿ 10 ಟೆರಾಬೈಟನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದ ಇಂಟರ್ನೆಟ್ ಸಂಪರ್ಕದ ಮೂಲಕ ಮರಳಿ ಇಳಿಸಿಕೊಳ್ಳಲು 9 ದಿನಕ್ಕೂ ಹೆಚ್ಚು ಬೇಕು. ಅಷ್ಟು ದಿನ ಬಿಲ್ಲು ಬರೆಯದೆ ಯಾವ ಸಾಗಣೆ ಕಚೇರಿ ಉಳಿದೀತು?

ಆ ಉದ್ಯಮಿಯ 400 ಗಿಗಾಬೈಟನ್ನು ಮಾತ್ರ ಈಗ ಪ್ರತಿ ರಾತ್ರಿ ಹೊರಗಿನ ಸರ್ವರ್‌ನೊಂದಿಗೆ ಹೊಂದಿಸುತ್ತೇವೆ. ಬದಲಾದ ಭಾಗವಷ್ಟೇ ಹೋಗುತ್ತದೆ. ಒಂದು ಶನಿವಾರ ರಾತ್ರಿ 9ಕ್ಕೆ ಪರೀಕ್ಷೆಗೆಂದು ಪೂರ್ತಿ ಇಳಿಸಲು ಹಚ್ಚಿದೆವು. ಬೆಳಗ್ಗೆ 7ಕ್ಕೆ ಮುಗಿಯಿತು. ಅವರ ಅಕೌಂಟೆಂಟ್ ಬಂದು ಮಾರ್ಚ್ ತಿಂಗಳ ಟ್ಯಾಲಿ ತೆರೆದು, ಕೊನೆಯ ಬಾಕಿಯನ್ನು ಕಾಗದದೊಂದಿಗೆ ತಾಳೆ ನೋಡಿ, ಸರಿಯಿದೆ ಎಂದು ಸಹಿ ಹಾಕಿದರು.